ಮಗಳಿಗೊಂದು ಪತ್ರ: ಮೂವತ್ತೆರಡರಲ್ಲಿ ಒಂದು ಪಾಲು

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳುಹಿಸಿದ ವೈಪಿ ಎಂಬ ಉಗಿ ರೈಲು ಎಂಜಿನ್ನಿನ ನಕ್ಷೆಯನ್ನು ಕನ್ನಡಕ ಹಾಕಿಕೊಂಡು ಸಾವಕಾಶವಾಗಿ ನೋಡಿದೆ. ಕಂಪ್ಯೂಟರಿನಲ್ಲಿ ಇದನ್ನು ಮೂವತ್ತೆರಡರಲ್ಲಿ ಒಂದು ಪಾಲಿಗೆ ಕುಗ್ಗಿಸಿ, ಓಡುವ ಮಾದರಿ ಮಾಡಲು ಮನೆಯ ತ್ರೀಡಿ ಪ್ರಿಂಟರಿಗೆ ಕೊಟ್ಟರೆ ಸಾಲದೇ ಎಂದು ಕೇಳಿದ್ದೀಯೆ. ಪಾಲಿಟೆಕ್ನಿಕ್ಕಿನ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವಳಾಗಿ ಹೇಳುತ್ತೇನೆ, ಸಾಲದು. ಕುಗ್ಗುವ ಅಳತೆಗಳಿವೆ, ಕುಗ್ಗಲು ಒಪ್ಪದ ಅಳತೆಗಳೂ ಇವೆ. ಯಾವುದು ಯಾವ ಗುಂಪಿನದೆಂದು ಒಂದೊಂದಾಗಿ ತೀರ್ಮಾನಿಸುವುದರಲ್ಲೇ ನಿನ್ನ ಹೆಚ್ಚಿನ ಸಮಯ ಹೋಗಲಿದೆ.

ಎಂಜಿನ್ನಿನ ಆಯ್ಕೆಯಲ್ಲಿ ನನಗೆ ತಕರಾರಿಲ್ಲ. 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಮೊದಲು ಬಂದು, ಮುಂದೆ ಜಮ್ಷೆಡ್‌ಪುರದ ಟೆಲ್ಕೋದಲ್ಲಿಯೂ ತಯಾರಾದ ವೈಪಿ, ನಮ್ಮ ಕಡೆಯ ಮೀಟರ್ ಗೇಜ್ ಹಳಿಗಳ ಮೇಲೂ ಪ್ರಯಾಣಿಕರ ಗಾಡಿಗಳನ್ನು ಎಳೆದದ್ದು. ಮುಂದೆ ನಾಲ್ಕು ಸಣ್ಣ ಗಾಲಿಗಳ ಬೋಗಿ (ಗಾಲಿಗಳನ್ನು ಹಿಡಿದು ತಿರುಗುವ ಚೌಕಟ್ಟು), ನಡುವೆ ಆರು ದೊಡ್ಡ ಗಾಲಿಗಳು, ಹಿಂದೆ ಎರಡು. ಸಿಲಿಂಡರುಗಳು ಹೊರಗೇ ಇರುವುದರಿಂದ ಚಲಿಸುವ ಭಾಗಗಳೆಲ್ಲ ಕಣ್ಣಿಗೆ ಕಾಣುತ್ತವೆ. ಪ್ರಮಾಣವನ್ನೂ ಜಾಣತನದಿಂದಲೇ ಆರಿಸಿದ್ದೀಯೆ. ಮೀಟರ್ ಗೇಜಿನ 1000 ಮಿ.ಮೀ.ಯನ್ನು 32ರಿಂದ ಭಾಗಿಸಿದರೆ 31.25 ಬರುತ್ತದೆ, ಆಟದ ರೈಲುಗಳ ಪೈಕಿ ‘ಓ’ ಗೇಜ್ ಎನ್ನುವ ಹಳಿಯ ಅಗಲ 32 ಮಿ.ಮೀ. ಮುಕ್ಕಾಲು ಮಿಲಿಮೀಟರಿನ ಈ ವ್ಯತ್ಯಾಸವನ್ನು ಯಾರೂ ಎಣಿಸುವುದಿಲ್ಲ, ಹಳಿಯನ್ನು ನೀನು ಮಾಡಿಕೊಳ್ಳಬೇಕಾದ ಪ್ರಮೇಯವೂ ಬರುವುದಿಲ್ಲ. ಹೆಚ್ಚು ಪ್ರಚಾರದಲ್ಲಿರುವ 1:87ಕ್ಕೆ ಹೋಗಿದ್ದರೆ 1372 ಮಿ.ಮೀ. ವ್ಯಾಸದ ದೊಡ್ಡ ಗಾಲಿ ಹದಿನಾರು ಮಿಲಿಮೀಟರಿಗೂ ಕಡಿಮೆಯಾಗಿ, ಅದರ ಅರಗಳು ಕರಗಿದ ಪ್ಲಾಸ್ಟಿಕ್ ಹೊರಬರುವ ಪ್ರಿಂಟರಿನ ನಾಜಲ್ ಬಾಯಿಯಷ್ಟೇ ತೆಳ್ಳಗಾಗುತ್ತಿದ್ದವು. ನಿನ್ನ ಪ್ರಮಾಣದಲ್ಲಿ ಅದೇ ಗಾಲಿ ಸುಮಾರು 43 ಮಿ.ಮೀ. ಇರುತ್ತದೆ, ಅರಗಳು ಅರಗಳಂತೆಯೇ ಕಾಣುತ್ತವೆ.

ಈಗ ಕುಗ್ಗದ ಅಳತೆಗಳ ವಿಷಯ. ಡ್ರೈವರ್ ನಿಲ್ಲುವ ಕ್ಯಾಬಿನ ತಗಡು ಆರು ಮಿ.ಮೀ. ದಪ್ಪವೆಂದು ಇಟ್ಟುಕೊಂಡರೆ ಮಾದರಿಯಲ್ಲಿ ಅದು 0.19 ಮಿ.ಮೀ. ಆಗುತ್ತದೆ, ನಿನ್ನ ನಾಜಲ್ಲಿನ ರಂಧ್ರವೇ 0.4 ಮಿ.ಮೀ. ಇರುವಾಗ ಆ ಗೋಡೆ ಮುದ್ರಣವಾಗುವುದೇ ಇಲ್ಲ. ಗೋಡೆಯನ್ನು ನಾಜಲ್ ಎಳೆಯುವ ಮೂರು ಗೆರೆಗಳಷ್ಟು, ಅಂದರೆ 1.2 ಮಿ.ಮೀ. ದಪ್ಪ ಮಾಡು, ಆದರೆ ಕಿಟಕಿಯ ಅಂಚುಗಳನ್ನು ಮಾತ್ರ ಒಳಗಡೆಯಿಂದ ಓರೆಯಾಗಿ ಸವರಿಬಿಟ್ಟರೆ, ಹೊರಗಿನಿಂದ ನೋಡುವವರಿಗೆ ತೆಳುವಾದ ತಗಡೇ ಕಾಣುತ್ತದೆ. ಬಾಯ್ಲರಿನ ಪಕ್ಕದ ಕೈಹಿಡಿ ಕಂಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಲೇಬೇಡ, ಮುಟ್ಟಿದರೆ ಮುರಿಯುತ್ತದೆ. ಒಂದು ಮಿಲಿಮೀಟರಿನ ಹಿತ್ತಾಳೆ ತಂತಿ ತಂದು, ಅದಕ್ಕೆ ರಂಧ್ರಗಳನ್ನಷ್ಟೇ ನಕ್ಷೆಯಲ್ಲಿ ಇಟ್ಟುಕೋ. ಆ ರಂಧ್ರಗಳನ್ನೂ ತುಸು ದೊಡ್ಡದಾಗಿಯೇ ಬರೆಯಬೇಕು, ಏಕೆಂದರೆ ಸಣ್ಣ ರಂಧ್ರಗಳು ಬರೆದದ್ದಕ್ಕಿಂತ ಕಿರಿದಾಗಿ ಮುದ್ರಣವಾಗುತ್ತವೆ.

ಚಲಿಸುವ ಭಾಗಗಳ ನಡುವಿನ ಸಂದು ಇನ್ನೂ ಮೊಂಡು. ನಿಜವಾದ ಎಂಜಿನ್ನಿನಲ್ಲಿ ಅರ್ಧ ಮಿಲಿಮೀಟರಿನ ಸಂದು ಇದ್ದ ಕಡೆ ಮಾದರಿಗೆ ಲೆಕ್ಕದ ಪ್ರಕಾರ 0.016 ಮಿ.ಮೀ. ಸಲ್ಲಬೇಕು, ಆದರೆ ಮನೆಯ ಪ್ರಿಂಟರ್ 0.2ರಿಂದ 0.3 ಮಿ.ಮೀ. ಬಿಡದಿದ್ದರೆ ಎರಡು ಭಾಗಗಳನ್ನು ಒಂದಕ್ಕೊಂದು ಅಂಟಿಸಿಯೇ ಕೊಡುತ್ತದೆ. ಆದ್ದರಿಂದ ನಕ್ಷೆ ಬರೆಯುವ ಫ್ರೀಕ್ಯಾಡ್ ತಂತ್ರಾಂಶದಲ್ಲಿ ಮೊದಲು ಒಂದು ಕೋಷ್ಟಕ ಮಾಡಿ, ಸಂದು, ಗೋಡೆಯ ದಪ್ಪ, ಗಾಲಿಗಳ ಅಚ್ಚಿನ (ಆಕ್ಸಲ್) ವ್ಯಾಸ ಇವನ್ನು ಹೆಸರಿಟ್ಟು ಬರೆದುಕೋ. ಪ್ರಮಾಣದ ಸಂಖ್ಯೆ ಬದಲಾದರೂ ಇವು ಬದಲಾಗಕೂಡದು.

ಅತಿ ಹೆಚ್ಚು ಯೋಚನೆ ಬೇಡುವುದು ಗಾಲಿಗಳೂ ಅವನ್ನು ಒಂದಕ್ಕೊಂದು ಜೋಡಿಸುವ ರಾಡುಗಳೂ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಬಲಗಡೆಯ ಕ್ರ್ಯಾಂಕ್ ಪಿನ್ನಿಗೂ (ರಾಡು ಸಿಕ್ಕಿಸುವ ಗಾಲಿಯ ಗೂಟ) ಎಡಗಡೆಯದಕ್ಕೂ ತೊಂಬತ್ತು ಡಿಗ್ರಿ ಅಂತರವಿರುತ್ತದೆ. ಒಂದು ಕಡೆಯ ಪಿಸ್ಟನ್ ತನ್ನ ಓಟದ ತುದಿಗೆ ಬಂದು ಗಾಲಿಯನ್ನು ತಿರುಗಿಸಲಾರದ ಸ್ಥಿತಿಯಲ್ಲಿದ್ದಾಗ ಇನ್ನೊಂದು ಕಡೆಯದು ತನ್ನ ಪೂರ್ಣ ಬಲದಿಂದ ತಿರುಗಿಸಲಿ ಎಂಬ ಏರ್ಪಾಡು ಇದು. ನಿನ್ನ ಮಾದರಿಯಲ್ಲಿ ಉಗಿಯಿಲ್ಲ, ಮೋಟಾರು ಒಂದೇ ಅಚ್ಚನ್ನು ತಿರುಗಿಸುತ್ತದೆ. ಆದರೂ ಮಿಕ್ಕ ಎರಡು ಅಚ್ಚುಗಳಿಗೆ ಚಲನೆ ತಲುಪುವುದು ರಾಡುಗಳ ಮೂಲಕವೇ ಆದ್ದರಿಂದ, ಮೂರು ಅಚ್ಚುಗಳಲ್ಲಿಯೂ ಆ ಕೋನ ಒಂದೇ ಸಮನಾಗಿರಬೇಕು. ಒಂದರಲ್ಲಿ ಎರಡು ಡಿಗ್ರಿ ತಪ್ಪಿದರೂ ಪ್ರತಿ ಸುತ್ತಿನಲ್ಲಿಯೂ ಬಂಡಿ ಬಿಕ್ಕಳಿಸುತ್ತದೆ. ಕಣ್ಣಂದಾಜಿನಲ್ಲಿ ಜೋಡಿಸುವ ಬದಲು, ಉಕ್ಕಿನ ಅಚ್ಚಿನ ಎರಡೂ ತುದಿಗಳಲ್ಲಿ ಒಂದು ಮೈಯನ್ನು ಒಂದೇ ಸಾಲಿನಲ್ಲಿ ಅರದಿಂದ (ಫೈಲ್) ಉಜ್ಜಿ ಚಪ್ಪಟೆ ಮಾಡಿ, ಗಾಲಿಯ ರಂಧ್ರವನ್ನೂ ಅದೇ ಆಕಾರದಲ್ಲಿ ಬರೆದು, ಬಲಗಾಲಿಯ ಮತ್ತು ಎಡಗಾಲಿಯ ನಕ್ಷೆಗಳಲ್ಲಿಯೇ ಆ ತೊಂಬತ್ತು ಡಿಗ್ರಿಯನ್ನು ಕೂಡಿಸಿಬಿಡು. ರಾಡಿನ ರಂಧ್ರಗಳ ಅಂತರವನ್ನೂ ಚೌಕಟ್ಟಿನಲ್ಲಿ ಅಚ್ಚುಗಳ ಅಂತರವನ್ನೂ ಕೋಷ್ಟಕದ ಒಂದೇ ಸಾಲಿನಿಂದ ತೆಗೆದುಕೊಳ್ಳಬೇಕು, ಎರಡು ಸಲ ಟೈಪ್ ಮಾಡಬಾರದು.

ಬೆಲ್ಜಿಯಮ್ಮಿನ ಎಂಜಿನಿಯರ್ ವಾಲ್‌ಶಾರ್ಟ್ಸ್ 1844ರಲ್ಲಿ ರೂಪಿಸಿದ, ಸಿಲಿಂಡರಿಗೆ ಉಗಿ ಬಿಡುವ ಕವಾಟವನ್ನು ಆಡಿಸುವ ಸನ್ನೆಗಳ ಗುಂಪು ಸಿಲಿಂಡರಿನ ಹಿಂದೆ ಜೇಡನ ಕಾಲುಗಳಂತೆ ಆಡುತ್ತದಲ್ಲ, ಅದನ್ನು ಕಂಡು ನೀನು ಹೆದರಿದಂತಿದೆ. ಅಲ್ಲೊಂದು ಸುಲಭದ ದಾರಿಯಿದೆ. ಎಂಜಿನ್ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ಎಂದು ನಿರ್ಧರಿಸುವ ರಿವರ್ಸಿಂಗ್ ಗೇರನ್ನು ಡ್ರೈವರ್ ನಡುವಿಗೆ ತಂದಾಗ, ಲಿಂಕ್ ಎಂಬ ಬಾಗಿದ ತುಂಡು ತೂಗುತ್ತಲೇ ಇದ್ದರೂ ಅದರ ನಟ್ಟನಡುವೆ ಕುಳಿತ, ಕವಾಟದ ಕಡೆಗೆ ಹೋಗುವ ರೇಡಿಯಸ್ ರಾಡು ಅದರಿಂದ ಚಲನೆ ಪಡೆಯುವುದಿಲ್ಲ. ಮಾದರಿಯಲ್ಲಿ ಆ ರಾಡನ್ನು ಶಾಶ್ವತವಾಗಿ ಆ ನಡುವಿನಲ್ಲಿಯೇ ಕಟ್ಟಿಹಾಕಿದರೆ ಕಷ್ಟದ ಕೀಲೊಂದು ಕಡಿಮೆಯಾಗುತ್ತದೆ. ನೋಡುವವರಿಗೆ ಮಿಕ್ಕ ಸನ್ನೆಗಳ ಆಟವೆಲ್ಲ ಸಿಗುತ್ತದೆ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ.

ತಿರುವಿನಲ್ಲಿ ಮಾತ್ರ ಮೋಸ ಅನಿವಾರ್ಯ. ನಮ್ಮ ಮೀಟರ್ ಗೇಜಿನ ಅತಿ ಬಿಗಿಯಾದ ಹದಿನಾರು ಡಿಗ್ರಿಯ ತಿರುವಿನ ತ್ರಿಜ್ಯ ಸುಮಾರು 109 ಮೀಟರ್; ಅದನ್ನು ಕುಗ್ಗಿಸಿದರೂ ಮೂರು ಮೀಟರು ನಲವತ್ತು ಸೆಂಟಿಮೀಟರಾಗುತ್ತದೆ, ಅಷ್ಟು ದೊಡ್ಡ ಸುತ್ತಿಗೆ ನಮ್ಮ ಹಜಾರ ಸಾಲದು. ಒಂದು ಮೀಟರಿನ ತ್ರಿಜ್ಯದಲ್ಲಿ ಓಡಬೇಕೆಂದರೆ ದೊಡ್ಡ ಗಾಲಿಗಳ ಮೂರು ಜೊತೆಗಳಲ್ಲಿ ನಡುವಿನ ಜೊತೆಯ ಫ್ಲ್ಯಾಂಜನ್ನು (ಗಾಲಿಯನ್ನು ಹಳಿಯ ಮೇಲೆ ಹಿಡಿದಿಡುವ ಅಂಚು) ತೆಗೆದುಬಿಡು, ಹಿಂದಿನ ಅಚ್ಚಿಗೆ ಒಂದು ಮಿಲಿಮೀಟರಿನಷ್ಟು ಅಡ್ಡ ಜರುಗುವ ಅವಕಾಶ ಕೊಡು, ಮುಂದಿನ ಬೋಗಿಯ ಗಾಲಿ ಸಿಲಿಂಡರಿಗೆ ತಗುಲುತ್ತದೆಯೇ ಎಂಬುದನ್ನು ರಟ್ಟಿನಲ್ಲಿ ಕತ್ತರಿಸಿ ಮೊದಲೇ ನೋಡಿಕೋ.

ರಾಡುಗಳನ್ನು ಮಲಗಿಸಿಯೇ ಮುದ್ರಿಸು, ಪದರಗಳಿಗೆ ಅಡ್ಡವಾಗಿ ಎಳೆದರೆ ಪ್ಲಾಸ್ಟಿಕ್ ಬೇಗ ಸೀಳುತ್ತದೆ. ಬಾಯ್ಲರನ್ನು ನಿಲ್ಲಿಸಿ ಮುದ್ರಿಸಿದರೆ ದುಂಡಗೆ ಬರುತ್ತದೆ. ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯಾದ ಟೆಂಡರ್ ಸೇರಿ ಇಡೀ ಎಂಜಿನ್ ಅರವತ್ತು ಸೆಂಟಿಮೀಟರಿನ ಸಮೀಪ ಬರುವುದರಿಂದ ಬಾಯ್ಲರನ್ನು ತುಂಡು ಮಾಡದೆ ವಿಧಿಯಿಲ್ಲ. ತುಂಡುಗಳ ಕೂಡುಗೆರೆಯನ್ನು ಬಾಯ್ಲರಿನ ಸುತ್ತ ಬಿಗಿದ ಪಟ್ಟಿಗಳ ಅಡಿಯಲ್ಲಿ ಬರುವಂತೆ ಇಟ್ಟರೆ ಹುಡುಕಿದರೂ ಸಿಗುವುದಿಲ್ಲ. ಒಳಗಿನ ಪೊಳ್ಳಿಗೆ ಸೀಸದ ಗುಂಡುಗಳನ್ನು ತುಂಬು, ಬರಿಯ ಪ್ಲಾಸ್ಟಿಕ್ಕಿನ ತೂಕಕ್ಕೆ ಗಾಲಿಗಳು ನಿಂತಲ್ಲೇ ಜಾರುತ್ತವೆ. ಪ್ಲಾಸ್ಟಿಕ್ ಗಾಲಿ ಹಳಿಯಿಂದ ವಿದ್ಯುತ್ತನ್ನು ಎತ್ತಲಾರದು, ಬ್ಯಾಟರಿ ಟೆಂಡರಿನಲ್ಲಿ ಇರಲಿ. ಪ್ರಿಂಟರಿಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು ಅರವತ್ತು ಡಿಗ್ರಿ ಶಾಖಕ್ಕೆ ಮೆತ್ತಗಾಗುವ ವಸ್ತು. ಊರಿಗೆ ತರುವಾಗ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಇಳಿಯಬೇಡ.

ಇಡೀ ಎಂಜಿನ್ನನ್ನು ಬರೆಯುವ ಮೊದಲು ಒಂದು ಜೊತೆ ಗಾಲಿ, ಒಂದು ಅಚ್ಚು ಮತ್ತು ಒಂದು ರಾಡನ್ನು ಮಾತ್ರ ಮುದ್ರಿಸಿ, ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಬರೆದ ಅಳತೆಯನ್ನೂ ಬಂದ ಅಳತೆಯನ್ನೂ ಅಕ್ಕಪಕ್ಕದಲ್ಲಿ ನಮೂದಿಸಿ ನನಗೆ ಕಳುಹಿಸು. ಸಂದನ್ನು 0.2 ಇಡಬೇಕೋ 0.3 ಇಡಬೇಕೋ ಎಂಬುದನ್ನು ಆಮೇಲೆ ಫೋನಿನಲ್ಲಿ ಮಾತನಾಡೋಣ.

ಇಂತಿ,
ನಿನ್ನ ಅಮ್ಮ