ಬೇಸಿಗೆಯ ಅಂಗಳಕ್ಕೆ ಹುಲ್ಲುಹಾಸೇ ಏಕೆ?

ಮಾನ್ಯ ಸಂಪಾದಕರೇ,

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲಿಕ್ಕೂ ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಮರುವರ್ಷದ ಫೆಬ್ರುವರಿಯಲ್ಲಿಯೂ ಅಂಥದೇ ಆದೇಶ ಹೊರಬಿತ್ತು. ಇಷ್ಟಾದರೂ ಹೊಸ ಬಡಾವಣೆಗಳ ಮನೆಗಳ ಮುಂದೆ, ಅಪಾರ್ಟ್‌ಮೆಂಟ್ ಆವರಣಗಳಲ್ಲಿ ಹುಲ್ಲುಹಾಸು ಬೆಳೆಸುವ ಉಮೇದು ತಗ್ಗಿಲ್ಲ. ಯಾರೂ ಕಾಲಿಡದ, ನೋಟಕ್ಕಷ್ಟೇ ಇರುವ ಆ ಹಸಿರಿನ ಜಾಗದಲ್ಲಿ ಟೇಬಲ್ ರೋಸ್ ಬೆಳೆಸಬಹುದೆಂಬುದು ನನ್ನ ಸಲಹೆ.

ಹತ್ತು ಗಂಟೆ ಹೂವೆಂದೂ ಕರೆಯುವ ಈ ಗಿಡ ದಕ್ಷಿಣ ಅಮೆರಿಕದ್ದು. ನಮ್ಮ ಹೊಲಗಳಲ್ಲಿ ತಾನಾಗಿ ಹುಟ್ಟುವ ಗೋಣಿ ಸೊಪ್ಪಿನ ಹತ್ತಿರದ ಬಂಧು. ದಪ್ಪನೆಯ ಎಲೆ, ಕಾಂಡಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದಲ್ಲದೆ, ಜೋಳ, ಕಬ್ಬುಗಳಂತೆ ಬಿಸಿಲಿನಲ್ಲಿ ಮಿತ ನೀರಿನಿಂದ ಆಹಾರ ತಯಾರಿಸಿಕೊಳ್ಳುತ್ತದೆ. ನೀರು ತೀರಾ ಕಡಿಮೆಯಾದಾಗ, ರಾತ್ರಿ ಹೊತ್ತು ಗಾಳಿಯನ್ನು ಹೀರಿಕೊಂಡು ಹಗಲಿನಲ್ಲಿ ನೀರು ಉಳಿಸುವ ಕಳ್ಳಿ ಗಿಡಗಳ ಕ್ರಮವನ್ನೂ ಭಾಗಶಃ ಅನುಸರಿಸುತ್ತದೆ. ಇವೆರಡೂ ಒಂದೇ ಸಸ್ಯದಲ್ಲಿ ಕೂಡಿರುವುದು ಅಪರೂಪ.

ಬೆಳೆಸಲು ಹಣ ಖರ್ಚು ಮಾಡಬೇಕಾಗಿಲ್ಲ. ನೆರೆಮನೆಯವರಿಂದ ಬೆರಳುದ್ದದ ಕಡ್ಡಿಗಳನ್ನು ಕೇಳಿ ತಂದು, ಕೆಂಪು ಮಣ್ಣಿಗೆ ಮರಳು ಬೆರೆಸಿ ನೆಟ್ಟು, ಬೇರು ಬಿಡುವವರೆಗೆ ಮಾತ್ರ ತೇವ ಕಾಯ್ದುಕೊಂಡರೆ ಸಾಕು. ಆಮೇಲೆ ಮಣ್ಣು ಒಣಗಿದ ಬಳಿಕವೇ ನೀರು ಹಾಕಬೇಕು. ಈ ಗಿಡವನ್ನು ಕೊಲ್ಲುವುದು ಹೆಚ್ಚಾಗಿ ಬರವಲ್ಲ, ಅತಿಯಾದ ಅಕ್ಕರೆ: ನೀರು ನಿಂತರೆ ಬೇರು ಕೊಳೆಯುತ್ತದೆ, ಗೊಬ್ಬರ ಹೆಚ್ಚಾದರೆ ಸೊಪ್ಪು ಸೊಂಪಾಗಿ ಹೂವು ಕಡಿಮೆಯಾಗುತ್ತದೆ. ಗಿಡ ಉದ್ದುದ್ದ ಬೆಳೆದು ಬುಡ ಬೋಳಾದಾಗ ತುದಿಗಳನ್ನು ಕತ್ತರಿಸಿ ಅದೇ ಪಾತಿಯಲ್ಲಿ ಮತ್ತೆ ನೆಡಬೇಕು. ಈ ಕೆಲಸಕ್ಕೆ ಬೇಸರಪಡುವವರ ಅಂಗಳದಲ್ಲಿ ಅದು ಚೆನ್ನಾಗಿ ಕಾಣದು.

ಇದರ ಮಿತಿಗಳನ್ನೂ ಹೇಳಲೇಬೇಕು. ಮರದ ನೆರಳಿನಲ್ಲಿ ಇದು ಹೂ ಬಿಡದು. ಮೋಡ ಕವಿದ ದಿನ ಮೊಗ್ಗು ಅರಳದು. ಅರಳಿದರೂ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಮಕ್ಕಳು ಆಡುವ ಜಾಗಕ್ಕಂತೂ ಸಲ್ಲದು, ತುಳಿದರೆ ಕಾಂಡ ಮುರಿಯುತ್ತದೆ. ಆಟದ ಬಯಲಿಗೆ ಗರಿಕೆಯೇ ಸರಿ.

ನೀರು ಬೇಡದೆ ಹಬ್ಬುವ ಗಿಡವೆಲ್ಲ ಒಳ್ಳೆಯದೆಂದು ನಂಬುವುದೂ ಅಪಾಯಕಾರಿ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲವನ್ನು ಆವರಿಸಿದೆ. ರಸ್ತೆ ವಿಭಜಕಗಳಲ್ಲಿಯೂ ಉದ್ಯಾನಗಳಲ್ಲಿಯೂ ಹಳದಿ ಹೂ ಬಿಡುವ ವೆಡೇಲಿಯಾವನ್ನು ಧಾರಾಳವಾಗಿ ನೆಡಲಾಗುತ್ತಿದೆ. ಲಂಟಾನದಂತೆಯೇ ಅದೂ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಕೆರೆ ದಂಡೆಗಳ ಮೇಲೆ ಅದನ್ನು ನೆಡುವುದನ್ನಾದರೂ ನಿಲ್ಲಿಸಬೇಕು.

ನಗರಪಾಲಿಕೆಗಳ ತೋಟಗಾರಿಕೆ ವಿಭಾಗಗಳು ಬರುವ ಬೇಸಿಗೆಗೆ ಮುನ್ನ ಪ್ರತಿ ವಾರ್ಡಿನ ಒಂದು ಉದ್ಯಾನದಲ್ಲಿ, ಬಿಸಿಲು ಬೀಳುವ ಒಂದು ಪಾತಿಯಲ್ಲಿ ಹುಲ್ಲು ತೆಗೆದು ಟೇಬಲ್ ರೋಸ್ ನೆಡಲಿ. ಪಕ್ಕದ ಹುಲ್ಲುಹಾಸಿಗೂ ಇದಕ್ಕೂ ಹಾಕಿದ ನೀರಿನ ಲೆಕ್ಕವನ್ನು ಅಲ್ಲಿಯೇ ಫಲಕದಲ್ಲಿ ಬರೆದು ಹಾಕಲಿ. ಸವರಿದ ಕಡ್ಡಿಗಳನ್ನು ಕಸದ ಗಾಡಿಗೆ ತುಂಬುವ ಬದಲು, ಕೇಳಿದ ನಾಗರಿಕರಿಗೆ ಹಂಚಲಿ.

ಇತಿ,
ನಿಮ್ಮ ಓದುಗ, ಬೆಂಗಳೂರು