ಕೊತ್ತಗೂಡೆಂ ಗಣಿ ಕಾಲೊನಿಯ ನಮ್ಮವರಿಗೆಲ್ಲ

ನಮ್ಮ ಮನೆಯವರು ಮೊನ್ನೆ ಗಣಿ ಕೆಲಸದಿಂದ ನಿವೃತ್ತರಾದರು. ಹಾರ ಹಾಕಿದಿರಿ, ಶಾಲು ಹೊದಿಸಿದಿರಿ, ಮನೆಬಾಗಿಲವರೆಗೂ ಹಲಗೆ ಬಾರಿಸಿಕೊಂಡು ಕರೆತಂದಿರಿ. ನನ್ನ ಕೈಗೆ ಮೈಕ್ ಕೊಟ್ಟಾಗ ಮಾತ್ರ ಬರೀ ಅಳು ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತೆಲುಗು ಮಾತಾಡುತ್ತೇನೆ, ಬರೆಯೋಕೆ ಬರಲ್ಲ. ಅದಕ್ಕೆ ಕನ್ನಡದಲ್ಲೇ ಬರೆದಿದ್ದೇನೆ, ಮಗಳು ನಿಮಗೆ ಓದಿ ಹೇಳುತ್ತಾಳೆ.

ಮೊದಲು ಪಕ್ಕದ ಮನೆ ಅಕ್ಕನಿಗೆ. ರಾಯಚೂರು ಕಡೆಯಿಂದ ಮದುವೆಯಾಗಿ ಬಂದ ನನಗೆ ಗಣಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಇವರು ಆಗ ಫಿಲ್ಲರ್. ಒಳಗೆ ಸಿಡಿಸಿದ ಕಲ್ಲಿದ್ದಲನ್ನು ಬುಟ್ಟಿಯಲ್ಲಿ ಹೊತ್ತು ಟಬ್ಬಿಗೆ, ಅಂದರೆ ಹಳಿ ಮೇಲೆ ಓಡುವ ಸಣ್ಣ ಡಬ್ಬಿಗೆ, ತುಂಬುವ ಕೆಲಸ. ಸ್ನಾನ ಆದ ಮೇಲೂ ಕಣ್ಣಂಚಿನಲ್ಲಿ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಉಳಿದಿರುತ್ತಿತ್ತು. ಶಿಫ್ಟ್ ಮುಗಿದು ಸ್ವಲ್ಪ ತಡವಾದರೂ ನನ್ನ ಎದೆ ಡವಡವ. ಆಗೆಲ್ಲ ಮೊಬೈಲ್ ಎಲ್ಲಿತ್ತು? ಅಕ್ಕ ಮಗನನ್ನು ಸೈಕಲ್ ಮೇಲೆ ಲ್ಯಾಂಪ್ ರೂಮಿಗೆ ಓಡಿಸುತ್ತಿದ್ದರು. ಒಳಗೆ ಇಳಿಯುವವರು ತಲೆಗೆ ಕಟ್ಟುವ ದೀಪವನ್ನು ಅಲ್ಲೇ ತಗೊಳ್ಳಬೇಕು, ಮೇಲೆ ಬಂದಮೇಲೆ ಅಲ್ಲೇ ವಾಪಸ್ ಕೊಡಬೇಕು, ಹಾಗಾಗಿ ಇವರ ನಂಬರಿನ ದೀಪ ಜಾಗಕ್ಕೆ ಬಂದಿದೆ ಅಂದರೆ ಮನುಷ್ಯ ಹೊರಗೆ ಬಂದು ಎಲ್ಲೋ ಚಹಾ ಕುಡಿಯುತ್ತಾ ಕೂತಿದ್ದಾನೆ ಅಂತ ಲೆಕ್ಕ. ಹುಡುಗ ಬಂದು "ದೀಪ ಬಂದಿದೆ ಪಿನ್ನಿ (ಚಿಕ್ಕಮ್ಮ)" ಅಂದ ಮೇಲೇ ನಾನು ಅನ್ನಕ್ಕೆ ಇಡುತ್ತಿದ್ದೆ. ಆ ಹುಡುಗ ಈಗ ಹೈದರಾಬಾದಿನಲ್ಲಿದ್ದಾನೆ. ನೆಲದೊಳಗಿನ ಗಣಿಗಳು ಕಡಿಮೆಯಾಗಿ, ಮೇಲಿನಿಂದಲೇ ಯಂತ್ರದಲ್ಲಿ ಅಗೆಯುವ ಓಪನ್‌ಕಾಸ್ಟ್ ಗಣಿಗಳು ಜಾಸ್ತಿಯಾದ ಮೇಲೆ ಇಲ್ಲಿನ ಹುಡುಗರಿಗೆ ಮೊದಲಿನಷ್ಟು ಕೆಲಸವಿಲ್ಲ, ಅಲ್ವಾ. ಎಷ್ಟು ಸಲ ಹೋದರೂ ಅವನನ್ನು ಒಮ್ಮೆಯೂ ಗದರದ ಲ್ಯಾಂಪ್ ರೂಮಿನ ಅಣ್ಣಂದಿರಿಗೂ ನಮಸ್ಕಾರ.

ಆಮೇಲೆ ಯಂತ್ರ ಬಂದವು, ಬುಟ್ಟಿ ಹೋಯಿತು. ಇವರು ಪಂಪ್ ಆಪರೇಟರ್ ಆದರು.

ಕಿರಾಣಿ ಅಂಗಡಿಯವರನ್ನು ಹೇಗೆ ಮರೆಯಲಿ? 2011ರ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನುಲ ಸಮ್ಮೆ, ಅಂದರೆ ಎಲ್ಲ ಜನರ ಮುಷ್ಕರ, ಶುರುವಾದಾಗ ನಮ್ಮ ಕಲ್ಲಿದ್ದಲು ಕಂಪನಿ ಸಿಂಗರೇಣಿಯ ಕಾರ್ಮಿಕರೂ ಮುಷ್ಕರಕ್ಕೆ ಇಳಿದರು. ತಿಂಗಳು ಕಳೆದರೂ ಮುಗಿಯಲಿಲ್ಲ. ಕೆಲಸ ಇಲ್ಲ ಅಂದರೆ ಸಂಬಳವೂ ಇಲ್ಲ. ನಮ್ಮ ಕಲ್ಲಿದ್ದಲು ರಾಯಚೂರು ಹತ್ತಿರದ ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೂ ಹೋಗುತ್ತದಲ್ಲ, ತವರಿನಿಂದ ಅಣ್ಣ ಫೋನ್ ಮಾಡಿ "ನಿಮ್ಮೂರಿನವರಿಂದ ನಮಗೆ ಕರೆಂಟಿಲ್ಲ" ಅಂತ ಬೈದ. ನಮ್ಮ ಅಡುಗೆಮನೆಯಲ್ಲಿ ಅಕ್ಕಿಯೇ ಇರಲಿಲ್ಲ ಅಂತ ಅವನಿಗೆ ಹೇಳಲಿಲ್ಲ. ಅಂಗಡಿಯವರು ಮಾತ್ರ ಕೇಳದೆಯೇ ಅಕ್ಕಿ, ಬೇಳೆ, ಎಣ್ಣೆ ಕಳಿಸಿ ಉದ್ರಿ ಬರೆದುಕೊಂಡರು. ಸಂಬಳ ಬಂದ ಮೇಲೂ ಒಂದೇ ಸಲಕ್ಕೆ ಕೊಡಿ ಅನ್ನಲಿಲ್ಲ. ಅವರಿಗೂ ಹೋಲ್‌ಸೇಲ್‌ನವರ ಕಾಟ ಇದ್ದೇ ಇತ್ತು.

ಇನ್ನು ಬೇಸಿಗೆ. ಟ್ಯಾಂಕರ್ ಬಂದಾಗ ನಾನು ಬಾಣಂತಿ ಅಂತ ನನ್ನ ಬಿಂದಿಗೆಯನ್ನು ಮುಂದೆ ತಳ್ಳಿದವರು, ರಾತ್ರಿ ಶಿಫ್ಟ್ ಮಾಡಿ ಬಂದವರು ಮಲಗಿದ್ದಾರೆ ಅಂತ ಆ ಉರಿಬಿಸಿಲಲ್ಲೂ ಮಕ್ಕಳನ್ನು ದೂರದ ಬೇವಿನ ಮರದಡಿ ಆಡಿಸಿದವರು, ಹೆಸರು ಬರೆಯೋಕೆ ಹೊರಟರೆ ಜಗಳವಾಗುತ್ತೆ. ಎಲ್ಲರಿಗೂ ಸೇರಿಸಿ ಕೈ ಮುಗಿಯುತ್ತೇನೆ.

ಕ್ವಾರ್ಟರ್ಸ್ ಖಾಲಿ ಮಾಡಬೇಕು, ರಾಯಚೂರಿಗೆ ಹೋಗುತ್ತೇವೆ. ಭಾನುವಾರ ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಿದ್ದೇನೆ, ಎಲ್ಲರೂ ಬನ್ನಿ. ದೊಡ್ಡ ಸ್ಟೀಲ್ ಡಬರಿ ಒಂದು ನಮ್ಮಲ್ಲೇ ಉಳಿದಿದೆ, ಯಾರದೋ ನೋಡಿ ತಗೊಂಡು ಹೋಗಿ.