ನಡು ಕೆರೆಯಲ್ಲಿ ಬಾಯಿಬಿಟ್ಟ ಬೋಟ್: ದುಡ್ಡು ವಾಪಸ್ ಕೊಡಿ, ಉಳಿದವರಿಗೆ ಎಚ್ಚರಿಕೆ ಕಳಿಸಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಬೋಟ್ ಮಾರಿದ ಕಂಪನಿ, ಬೆಂಗಳೂರು

ವಿಷಯ: ಒಬ್ಬರು ಕೂರುವ, ಗಾಳಿ ತುಂಬಿಸುವ ಪಾಂಟೂನ್ ಬೋಟ್‌ನ ಎಡಗಡೆ ಟ್ಯೂಬ್ ಜಾಯಿಂಟ್ ಬಿಟ್ಟಿರುವ ಬಗ್ಗೆ

ಮಾನ್ಯರೇ,

ನಿಮ್ಮಿಂದ ಕೊಂಡ ಪಾಂಟೂನ್ ಬೋಟ್‌ನ ಎಡಗಡೆ ಟ್ಯೂಬ್ ನಡು ಕೆರೆಯಲ್ಲಿ ಜಾಯಿಂಟ್ ಬಿಟ್ಟು, ಪೂರ್ತಿ ಗಾಳಿ ಹೋಯಿತು. ಬೋಟ್‌ನಲ್ಲಿ ನಾನೊಬ್ಬನೇ ಇದ್ದೆ. ಇದನ್ನು ತಿಳಿಸಿದಾಗ ನಿಮ್ಮ ಕಸ್ಟಮರ್ ಕೇರ್‌ನವರು ಮೊದಲು ಫೋಟೋ ಕೇಳಿದರು, ಆಮೇಲೆ ವಿಡಿಯೋ ಕೇಳಿದರು, ಕೊನೆಗೆ "ಬಿಸಿಲಿನಲ್ಲಿ ಇಟ್ಟಿದ್ದೀರಿ, ವಾರಂಟಿ ಬರಲ್ಲ" ಅಂತ ಒಂದು ಸಾಲು ಬರೆದು ದೂರನ್ನು ಮುಚ್ಚಿಬಿಟ್ಟರು. ಜೊತೆಗೆ ಮುಂದಿನ ಖರೀದಿಗೆ ಶೇ. 10 ರಿಯಾಯಿತಿ ಕೂಪನ್ ಕಳಿಸಿದರು. ನನಗೆ ಕೂಪನ್ ಬೇಡ. ಆಗಿದ್ದು ಏನು ಅಂತ ನಿಮ್ಮಲ್ಲಿ ಯಾರಾದರೂ ಒಬ್ಬರು ಪೂರ್ತಿ ಓದಬೇಕು, ಅದಕ್ಕೇ ಈ ಪತ್ರ.

ನಾನು ತೀರ್ಥಹಳ್ಳಿ ಕಡೆಯವನು. ಗಾಳ ಹಾಕುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಏರಿ ಮೇಲೆ ನಿಂತು ಹಾಕಿದರೆ ಕೆರೆಯ ಒಂದು ಪಟ್ಟಿ ಮಾತ್ರ ಸಿಗುತ್ತದೆ, ಅದೂ ತೂಬಿನ ಹತ್ತಿರದ ಆಳದ ನೀರು. ಕೊರವ ಮೀನು ಇರುವುದು ಅಲ್ಲಲ್ಲ. ಅದು ಎದುರುಗಡೆ, ಜೊಂಡು, ತಾವರೆ ಎಲೆ ಇರುವ ತೆಳು ನೀರಿನಲ್ಲಿ ಇರುತ್ತದೆ. ಉಸಿರಿಗೆ ಮೇಲೆ ಬರಲೇಬೇಕಾದ ಮೀನು ಅದು, ಗುಳಕ್ ಅಂತ ಸದ್ದಾದರೆ ಸಾಕು, ಎಲ್ಲಿದೆ ಅಂತ ಗೊತ್ತಾಗುತ್ತದೆ. ಎಲೆಗಳ ಮೇಲೆ ಗಾಳ ಇರುವ ರಬ್ಬರ್ ಕಪ್ಪೆ ಎಸೆದು ಮೆಲ್ಲಗೆ ಎಳೆಯಬೇಕು. ಹರಿಗೋಲಿನಲ್ಲಿ ಹೋಗಬಹುದು, ಆದರೆ ಅದು ತಿರುಗುತ್ತಲೇ ಇರುತ್ತದೆ, ಹುಟ್ಟು ಹಾಕಲು ಇನ್ನೊಬ್ಬರು ಬೇಕು. ಪಾಂಟೂನ್‌ನಲ್ಲಿ ಹಾಗಿಲ್ಲ. ಎರಡು ಉದ್ದ ಟ್ಯೂಬ್, ನಡುವೆ ಕಬ್ಬಿಣದ ಫ್ರೇಮ್, ಅದರ ಮೇಲೆ ಸೀಟು. ಕಾಲು ನೀರಿನಲ್ಲಿ ಇರುತ್ತದೆ, ಪಾದಕ್ಕೆ ಫಿನ್, ಅಂದರೆ ನೀರು ತಳ್ಳುವ ರಬ್ಬರ್ ರೆಕ್ಕೆ. ದೂರ ಹೋಗಲು ಹುಟ್ಟು, ಹತ್ತಿರ ಹೋದ ಮೇಲೆ ಕಾಲಾಡಿಸಿಕೊಂಡೇ ಬೋಟನ್ನು ಒಂದು ಕಡೆ ನಿಲ್ಲಿಸಬಹುದು. ಎರಡೂ ಕೈ ಗಾಳಕ್ಕೆ ಬಿಡುವಾಗುತ್ತದೆ. ಅಮೆರಿಕದಲ್ಲಿ ಸಣ್ಣ ಸರೋವರಗಳಲ್ಲಿ ಟ್ರೌಟ್ ಹಿಡಿಯುವವರು ಇಂಥದ್ದನ್ನೇ ಬಳಸುತ್ತಾರೆ. ಗಾಳಿ ತೆಗೆದರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ. ಇದನ್ನೆಲ್ಲ ಓದಿ, ವಿಡಿಯೋ ನೋಡಿ, ತುಂಬಾ ಯೋಚನೆ ಮಾಡಿ ತೆಗೆದುಕೊಂಡೆ.

ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ನಿಮ್ಮವರು ಫೋನಿನಲ್ಲಿ "ಅಲ್ಲಿ ಮೀನು ಹಿಡಿಯಲು ಪರ್ಮಿಷನ್ ಇದೆಯಾ" ಅಂತಲೂ ಕೇಳಿದ್ದರು. ಇದೆ. ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಂಘದವರನ್ನು ಕೇಳಿಯೇ ಇಳಿಯುತ್ತೇನೆ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದ ಕಡೆ ಗಾಳ ತೆಗೆದುಕೊಂಡು ಹೋಗಲ್ಲ. ಕೊರವದ ಕೆಂಪು ಮರಿಗಳ ಗುಂಪು ಕಂಡರೆ ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಆ ಜಾಗ ಬಿಟ್ಟು ಮುಂದೆ ಹೋಗುತ್ತೇನೆ. ಬೋಟ್ ಜಾಯಿಂಟ್ ಬಿಟ್ಟಿದ್ದಕ್ಕೂ ಈ ಪ್ರಶ್ನೆಗೂ ಸಂಬಂಧ ಏನು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಈಗ ಮುಖ್ಯ ವಿಷಯ. ನಿಮ್ಮ ವೆಬ್‌ಸೈಟಿನಲ್ಲಿ ಈ ಬೋಟ್ ಬಗ್ಗೆ ಎರಡು ಮಾತು ದಪ್ಪ ಅಕ್ಷರದಲ್ಲಿ ಇದ್ದವು. ಒಂದು, ಟ್ಯೂಬ್‌ನ ಜಾಯಿಂಟ್‌ಗಳನ್ನು ಬಿಸಿಯಿಂದ ಬೆಸೆಯಲಾಗಿದೆ. ಇನ್ನೊಂದು, ಪ್ರತಿ ಟ್ಯೂಬ್‌ನಲ್ಲಿ ಎರಡು ಗಾಳಿ ಕೋಣೆಗಳಿವೆ, ಒಟ್ಟು ನಾಲ್ಕು. ಕಡಿಮೆ ಬೆಲೆಯ ಬೋಟ್‌ಗಳನ್ನು ಬಿಟ್ಟು ನಾನು ನಿಮ್ಮದಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದು ಈ ಎರಡು ಮಾತಿಗಾಗಿ. ಟ್ಯೂಬ್‌ನ ಬಟ್ಟೆಯಾದ ಪಿವಿಸಿ ಪ್ಲಾಸ್ಟಿಕ್ಕನ್ನು ಬಿಸಿಯಿಂದ ಬೆಸೆದರೆ ಎರಡು ತುಂಡು ಕರಗಿ ಒಂದೇ ಆಗುತ್ತವೆ. ಅಂಟು ಹಾಕಿದರೆ ಅವು ಎರಡು ತುಂಡಾಗಿಯೇ ಇರುತ್ತವೆ, ನಡುವೆ ಹಿಡಿದುಕೊಂಡಿರುವುದು ಅಂಟು ಮಾತ್ರ. ಶಾಖಕ್ಕೆ ಮೊದಲು ಮೆತ್ತಗಾಗುವುದೂ ಆ ಅಂಟೇ. ಇನ್ನು ಎರಡು ಕೋಣೆ ಇದ್ದರೆ ಒಂದರಲ್ಲಿ ಗಾಳಿ ಹೋದರೂ ಇನ್ನೊಂದು ಆ ಪಕ್ಕವನ್ನು ಎತ್ತಿ ಹಿಡಿಯುತ್ತದೆ. ದಡಕ್ಕೆ ಬರುವಷ್ಟು ಹೊತ್ತು ಸಿಗುತ್ತದೆ. ಒಂಟಿಯಾಗಿ ನೀರಿಗೆ ಇಳಿಯುವವನಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೇನಿದೆ?

ಅವತ್ತು ಇನ್ನೂ ಬಿಸಿಲು ಬಂದಿರಲಿಲ್ಲ. ನೀರಿನ ಮೇಲೆ ಮಂಜು ಇತ್ತು. ಕೆರೆಯ ನಡುವೆ ಹೋಗಿ ಇನ್ನೇನು ಫಿನ್‌ಗೆ ಬದಲಾಯಿಸಬೇಕು ಅನ್ನುವಷ್ಟರಲ್ಲಿ ಎಡಗಡೆ ತೊಡೆಯ ಹಿಂದಿನಿಂದ ಸುಯ್ ಅಂತ ಸದ್ದು ಬಂತು. ವಾಲ್ವ್ ಇರಬೇಕು ಅಂತ ಕೈ ಹಾಕಿ ಒತ್ತಿದೆ, ವಾಲ್ವ್ ಬಿಗಿಯಾಗಿಯೇ ಇತ್ತು. ನೋಡನೋಡುತ್ತಿದ್ದಂತೆ ಟ್ಯೂಬ್ ಸುಕ್ಕು ಬಿತ್ತು, ಸೀಟು ಎಡಕ್ಕೆ ವಾಲಿತು, ಎಡಗಡೆ ಹುಟ್ಟು ಸಿಕ್ಕಿಸುವ ಕೊಂಡಿ ನೀರೊಳಗೆ ಹೋಯಿತು. ಬಲಗಡೆ ಹುಟ್ಟು ಹಾಕಿದರೆ ಬೋಟ್ ನಿಂತಲ್ಲೇ ಗಿರಗಿರ ತಿರುಗುತ್ತದೆ, ಮುಂದೆ ಹೋಗಲ್ಲ. ಲೈಫ್ ಜಾಕೆಟ್ ಹಾಕಿದ್ದೆ, ಅದು ನಾನು ಬೇರೆ ಕಡೆ ಕೊಂಡಿದ್ದು. ಬಲಗಡೆ ಟ್ಯೂಬನ್ನು ತಬ್ಬಿಕೊಂಡು ಫಿನ್ ಬಡಿಯುತ್ತಾ ದಡದ ಕಡೆ ಬಂದೆ. ತಾವರೆ ದಂಟುಗಳು ಫಿನ್‌ಗೆ ಸುತ್ತಿಕೊಂಡು ಕಾಲು ಆಡದ ಹಾಗಾಯಿತು. ಬಲೆ ಎತ್ತಲು ಬಂದಿದ್ದ ಸಂಘದವರೊಬ್ಬರು ಕೂಗು ಕೇಳಿ ಹರಿಗೋಲು ತಂದು ಎಳೆದುಕೊಂಡರು. ರಾಡ್, ರೀಲ್, ಗಾಳದ ಡಬ್ಬಿ ಕೆರೆಯ ತಳದಲ್ಲಿ ಇವೆ. ಅವರು ಅಲ್ಲಿ ಇರದಿದ್ದರೆ ಏನಾಗುತ್ತಿತ್ತು ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಮನೆಗೆ ತಂದು ಒಣಗಿಸಿದ ಮೇಲೆ ಊರಿನ ಪಂಕ್ಚರ್ ಅಂಗಡಿಗೆ ಒಯ್ದೆ. ಅವರು ಟ್ಯೂಬ್ ಪೂರ್ತಿ ಸೋಪಿನ ನೀರು ಸವರಿ, ಪಂಪ್ ಹೊಡೆಯುತ್ತಲೇ ನೋಡಿದರು. ಬಟ್ಟೆಯಲ್ಲಿ ಒಂದೇ ಒಂದು ತೂತು ಇಲ್ಲ. ಗುಳ್ಳೆ ಬಂದಿದ್ದು ತಳದ ಜಾಯಿಂಟ್ ಉದ್ದಕ್ಕೂ, ಒಂದು ಗೇಣು ಜಾಗದಲ್ಲಿ. ಅಲ್ಲಿ ಪಟ್ಟಿಯನ್ನು ಬೆರಳಿನಿಂದ ಎತ್ತಿದರೆ ಹಳೇ ಸ್ಟಿಕ್ಕರ್ ಥರ ಬಿಟ್ಟುಕೊಂಡು ಬಂತು. ಕೆಳಗೆ ಹಳದಿ ಬಣ್ಣದ ಅಂಟು, ಕೆಲವು ಕಡೆ ಜಾಸ್ತಿ, ಕೆಲವು ಕಡೆ ಇಲ್ಲವೇ ಇಲ್ಲ. ಬಿಸಿಯಿಂದ ಬೆಸೆದ ಜಾಯಿಂಟ್‌ನಲ್ಲಿ ಅಂಟು ಎಲ್ಲಿಂದ ಬಂತು? ಬಾಯಿ ಬಿಟ್ಟ ಜಾಗದಿಂದ ಟಾರ್ಚ್ ಬಿಟ್ಟು ಒಳಗೆ ನೋಡಿದೆವು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಖಾಲಿ ಕೊಳವೆ. ನಡುವೆ ಗೋಡೆ ಇಲ್ಲ, ಎರಡನೇ ವಾಲ್ವ್ ಕೂಡ ಇಲ್ಲ. ಈ ಎಲ್ಲದರ ಫೋಟೋ, ಸೋಪಿನ ನೀರಿನ ವಿಡಿಯೋ, ಬಿಲ್, ಮತ್ತು ನಾನು ಕೊಂಡ ದಿನ ತೆಗೆದಿಟ್ಟ ನಿಮ್ಮ ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಆ ಪುಟದಲ್ಲಿ ಬೋಟ್ ಹೊರುವ ತೂಕ 160 ಕೆಜಿವರೆಗೆ ಅಂತ ಇದೆ. ಟ್ಯೂಬ್ ಮೇಲೆ ಅಂಟಿಸಿದ ಚೀಟಿಯಲ್ಲಿ 110 ಅಂತ ಇದೆ. ಇದಕ್ಕೂ ಉತ್ತರ ಬೇಕು.

ಬಿಸಿಲಿನ ಮಾತಿಗೆ ಬರೋಣ. ಬೋಟ್ ಮನೆಯೊಳಗೆ, ಅಟ್ಟದ ಮೇಲೆ, ಗಾಳಿ ತೆಗೆದು ಚೀಲದಲ್ಲಿ ಇಟ್ಟಿದ್ದೆ. ನೀರಿಗೆ ಇಳಿಸಿದ್ದು ಮಂಜು ಇರುವ ಹೊತ್ತಿನಲ್ಲಿ. ತಣ್ಣಗಿನ ನೀರಿಗೆ ತಾಗಿದರೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆಯೇ ಹೊರತು ಏರಲ್ಲ. ಹಾಗಾಗಿ ನಿಮ್ಮ ಕಾರಣ ಇಲ್ಲಿ ಹೊಂದುವುದೇ ಇಲ್ಲ. ಬಿಸಿಲಿನಿಂದ ಒತ್ತಡ ಏರುವುದು ನಿಜ. ಬೆಳಿಗ್ಗೆ 20 ಡಿಗ್ರಿಯಲ್ಲಿ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ ಟ್ಯೂಬ್, ದಡದಲ್ಲಿ 50 ಡಿಗ್ರಿವರೆಗೆ ಕಾದರೆ, ಬಟ್ಟೆ ಹಿಗ್ಗದೇ ಇದ್ದಲ್ಲಿ ಒತ್ತಡ ಮೂರೂವರೆ ದಾಟುತ್ತದೆ. ಇದು ನಿಮಗೂ ಗೊತ್ತಿದೆ ಅಲ್ವಾ? ಹಾಗಾದರೆ ನಿಮ್ಮ ಕೈಪಿಡಿಯಲ್ಲಿ ಎಷ್ಟು ಪಿಎಸ್‌ಐ ತುಂಬಿಸಬೇಕು ಅಂತ ಯಾಕೆ ಬರೆದಿಲ್ಲ? ಅದರಲ್ಲಿ ಇರುವುದು "ಗಟ್ಟಿಯಾಗುವವರೆಗೆ ತುಂಬಿಸಿ" ಅನ್ನುವ ಒಂದೇ ಸಾಲು. ಕೊಟ್ಟ ಕಾಲು ಪಂಪ್‌ಗೆ ಮೀಟರ್ ಇಲ್ಲ. ಗ್ರಾಹಕನಿಗೆ ಅಳತೆ ಹೇಳದೆ, ಅಳೆಯುವ ಸಾಧನ ಕೊಡದೆ, ಆಮೇಲೆ ಬಿಸಿಲಿನ ಮೇಲೆ ತಪ್ಪು ಹಾಕುವುದು ಸರಿಯಲ್ಲ. ನಾವು ಇರುವುದು ಕರ್ನಾಟಕದಲ್ಲಿ. ಬಿಸಿಲು ತಡೆಯದ ಬೋಟನ್ನು ಇಲ್ಲಿ ಮಾರಲೇಬಾರದು.

ಪ್ಯಾಚ್ ಕಿಟ್ ಕಳಿಸುತ್ತೇವೆ ಅಂತಲೂ ಒಮ್ಮೆ ಹೇಳಿದಿರಿ. ಪ್ಯಾಚ್ ಇರುವುದು ಮುಳ್ಳು, ಗಾಳದ ಮೊನೆ ಚುಚ್ಚಿದ ಸಣ್ಣ ತೂತಿಗೆ. ಒಂದು ಕಡೆ ಬಿಟ್ಟ ಅಂಟು ನಾಳೆ ಪಕ್ಕದಲ್ಲಿ ಬಿಡುತ್ತದೆ. ಬಲಗಡೆ ಟ್ಯೂಬ್‌ನಲ್ಲೂ ಅದೇ ಅಂಟು ಇದೆ. ಅದರ ಮೇಲೆ ಕೂತು ಮತ್ತೆ ನಡು ಕೆರೆಗೆ ಹೋಗಲು ನನಗೆ ಧೈರ್ಯ ಇಲ್ಲ, ಬೇರೆಯವರಿಗೆ ಮಾರಲು ಮನಸ್ಸೂ ಇಲ್ಲ.

ನನ್ನ ದುಡ್ಡಿಗಿಂತ ಹೆಚ್ಚು ಕಾಡುತ್ತಿರುವುದು ಬೇರೆ. ಇದು ಆಗಿದ್ದು ನಿಂತ ನೀರಿನಲ್ಲಿ. ತುಂಗೆಯಲ್ಲಿ ಆಗಿದ್ದರೆ? ಬೇಸಿಗೆಯಲ್ಲೂ ಬಂಡೆಗಳ ನಡುವೆ ಸೆಳೆತ ಇರುವ ಜಾಗಗಳಿವೆ. ಒಂದು ಟ್ಯೂಬ್ ಸತ್ತ ಬೋಟನ್ನು ನೀರು ಬಂಡೆಗೆ ಒತ್ತಿ ಹಿಡಿಯುತ್ತದೆ, ಫಿನ್ ಹಾಕಿದ ಕಾಲು ಫ್ರೇಮಿನಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ನೀವು ಅದೇ ಪುಟದಲ್ಲಿ "ಕೆರೆಗೂ ಹೊಳೆಗೂ ಸರಿ" ಅಂತ ಬರೆದಿದ್ದೀರಿ. ಫೋಟೋದಲ್ಲಿ ಕೂತ ಹುಡುಗ ಲೈಫ್ ಜಾಕೆಟ್ ಕೂಡ ಹಾಕಿಲ್ಲ. ಈ ಬೋಟ್ ಇವತ್ತೂ ಮಾರಾಟಕ್ಕಿದೆ. ನಾನು ಬರೆದ ರಿವ್ಯೂ ಅಲ್ಲಿ ಕಾಣಿಸುತ್ತಿಲ್ಲ. ಇದೇ ಮಾಡೆಲ್ ಕೊಂಡವರು ಎಷ್ಟು ಜನ ಇದ್ದಾರೆ, ಅವರ ಫೋನ್ ನಂಬರ್ ಏನು ಅಂತ ಗೊತ್ತಿರುವುದು ನಿಮಗೆ ಮಾತ್ರ. ಒಂದು ಮೆಸೇಜ್ ಕಳಿಸಲು ಎಷ್ಟು ಹೊತ್ತು ಬೇಕು?

ನಾನು ಕೇಳುವುದು ಇಷ್ಟು. ಬೋಟ್‌ನ ಪೂರ್ತಿ ಬೆಲೆ ಮತ್ತು ಕೊರಿಯರ್ ಖರ್ಚು ವಾಪಸ್ ಕೊಡಿ. ಮುಳುಗಿದ ರಾಡ್, ರೀಲ್‌ನ ಬಿಲ್ ಇಟ್ಟಿದ್ದೇನೆ, ಅದನ್ನೂ ಕೊಡಿ. ಈ ಮಾಡೆಲ್ ಮಾರುವುದನ್ನು ನಿಲ್ಲಿಸಿ. ಇದನ್ನು ಕೊಂಡ ಎಲ್ಲರಿಗೂ, ಜಾಯಿಂಟ್ ಪರೀಕ್ಷೆ ಆಗುವವರೆಗೆ ನೀರಿಗೆ ಇಳಿಸಬೇಡಿ ಅಂತ ಕನ್ನಡದಲ್ಲೂ ತಿಳಿಸಿ. ಬೋಟ್ ಯಾವ ದೇಶದಲ್ಲಿ ತಯಾರಾಗಿದ್ದು, ಆಮದು ಮಾಡಿಕೊಂಡವರು ಯಾರು ಅಂತ ಬರವಣಿಗೆಯಲ್ಲಿ ಕೊಡಿ. ಇದು ನಿಮ್ಮ ಪುಟದಲ್ಲೂ ಇಲ್ಲ, ಪೆಟ್ಟಿಗೆ ಮೇಲೂ ಇಲ್ಲ, ಇರಲೇಬೇಕಿತ್ತು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಆ ಲೆಕ್ಕ ಈ ಪತ್ರ ನಿಮಗೆ ತಲುಪಿದ ದಿನದಿಂದ ಶುರು. ಚಾಟ್‌ನಲ್ಲಿ ದೂರು ಮುಚ್ಚಿದ್ದನ್ನು ನಾನು ಉತ್ತರ ಅಂತ ಒಪ್ಪಲ್ಲ. ಬಗೆಹರಿಯದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕ ತಾನು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಹರಿಗೋಲು ತಂದವರು ಮತ್ತು ಪಂಕ್ಚರ್ ಅಂಗಡಿಯವರು ಕಂಡಿದ್ದನ್ನು ಹೇಳಲು ಒಪ್ಪಿದ್ದಾರೆ.

ಬೋಟನ್ನು ಒಯ್ಯಲು ಜನ ಕಳಿಸುವುದಾದರೆ ಹಿಂದಿನ ದಿನ ಫೋನ್ ಮಾಡಿ. ಫ್ರೇಮ್, ಸೀಟು, ಹುಟ್ಟು, ಬಲಗಡೆ ಟ್ಯೂಬ್ ಅವತ್ತೇ ಕೊಡುತ್ತೇನೆ. ಎಡಗಡೆ ಟ್ಯೂಬ್ ಮಾತ್ರ, ದುಡ್ಡು ನನ್ನ ಖಾತೆಗೆ ಬರುವವರೆಗೆ ನನ್ನ ಹತ್ತಿರವೇ ಇರುತ್ತದೆ. ನೋಡಬೇಕು ಅಂದರೆ ನಿಮ್ಮ ತಂತ್ರಜ್ಞರನ್ನು ಮನೆಗೇ ಕಳಿಸಿ, ಅವರ ಎದುರೇ ಗಾಳಿ ತುಂಬಿಸಿ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ